ಶರಣಮ್ಮನ ಶ್ರುತಿಪೆಟ್ಟಿಗೆಯ ಜಾತಕ

ಈ ಕಸುಬಿಗೆ ಹೊಸದಾಗಿ ಬರುವ ಹುಡುಗರು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ. ಫೋನಿನಲ್ಲಿ ನಂಬರ್ ಒತ್ತಿದ ಕೂಡಲೇ ಡೇಟಾ ಶೀಟ್ ಬಂದು ಬೀಳದ ಕಾಲದಲ್ಲಿ ನೀವು ಹೇಗೆ ರಿಪೇರಿ ಮಾಡುತ್ತಿದ್ದಿರಿ ಅಂತ. ಅರ್ಧ ಆಯುಷ್ಯ ಹುಡುಕುವುದರಲ್ಲಿ ಹೋಯಿತು, ಇನ್ನರ್ಧ ಬಸ್ಸಿನಲ್ಲಿ ಹೋಯಿತು, ರಿಪೇರಿ ನಡುವೆ ಎಲ್ಲೋ ಆಯಿತು ಅನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿರುವುದಿಲ್ಲ.

ಸಿಂಧನೂರಿನ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ, ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಂಪನಿಯ ಕೋಣೆ ಇತ್ತು. ಹೆಡ್ ಆಫೀಸು ಹೈದರಾಬಾದಿನಲ್ಲಿ. ರೈಸ್ ಮಿಲ್ಲುಗಳ ಎಲೆಕ್ಟ್ರಾನಿಕ್ ತಕ್ಕಡಿ, ಭತ್ತದ ತೇವ ನೋಡುವ ಮೀಟರು, ಬ್ಯಾಂಕುಗಳ ಲೆಕ್ಕದ ಯಂತ್ರ, ಇಂಥವೆಲ್ಲ ಕೆಟ್ಟರೆ ನಾನು ಹೋಗಬೇಕು. ಮಧ್ಯಾಹ್ನ ಕೆಲಸವಿಲ್ಲದಾಗ ಕಿಟಕಿಯ ಬಳಿ ಕೂತರೆ ಬಿಸಿಲಿನಲ್ಲಿ ಭತ್ತದ ಹೊಟ್ಟು ತೇಲುವುದು ಕಾಣುತ್ತಿತ್ತು. ಎಡಗಡೆ ಒಂದು ಮಿಲ್ಲು, ಬಲಗಡೆ ಒಂದು ಮಿಲ್ಲು. ಎರಡರ ಮೋಟಾರುಗಳ ಗುಂಯ್ ಸದ್ದು ಒಂದರೊಳಗೊಂದು ಸೇರಿ ಮೆಲ್ಲಗೆ ಏರುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಯಾರೋ ತೊಟ್ಟಿಲು ತೂಗಿದ ಹಾಗೆ. ಕಣ್ಣು ತಾನೇ ಮುಚ್ಚುತ್ತಿತ್ತು. ನನ್ನ ನೌಕರಿಯ ಬಹುಪಾಲು ಆ ಮಂಪರಿನಲ್ಲೇ ಕಳೆಯಿತು ಎಂದು ಈಗ ಅನಿಸುತ್ತದೆ.

ನಮ್ಮ ಯಂತ್ರಗಳ ಹೊಟ್ಟೆಯೊಳಗೆ ಇರುತ್ತಿದ್ದದ್ದು ಐಸಿ, ಅಂದರೆ ನೀವು ಚಿಪ್ ಅನ್ನುವ ವಸ್ತು. ಕರಿ ಬೆನ್ನು, ಎರಡೂ ಕಡೆ ಸಾಲು ಕಾಲು. ನಮ್ಮ ಕಡೆಯ ರೈತರು ಅದನ್ನು ಜರಿಹುಳ ಅನ್ನುತ್ತಿದ್ದರು. ಯಾವ ಕಾಲಿಗೆ ಎಷ್ಟು ವೋಲ್ಟ್ ಕೊಡಬೇಕು, ಯಾವ ಕಾಲಿನಿಂದ ಏನು ಹೊರಬರುತ್ತದೆ ಎಂಬುದೆಲ್ಲ ಅದರ ಡೇಟಾ ಶೀಟಿನಲ್ಲಿ ಇರುತ್ತದೆ. ಅದಕ್ಕೆ ನಾವು ಇಟ್ಟ ಹೆಸರು ಜಾತಕ. ಬೆನ್ನ ಮೇಲಿನ ನಂಬರ್ ಗೊತ್ತಿದ್ದರೆ ಜಾತಕ ಹುಡುಕಬಹುದು. ಜಾತಕ ನೋಡದೆ ಕರೆಂಟ್ ಕೊಟ್ಟರೆ ಮುಹೂರ್ತದಲ್ಲೇ ಹೊಗೆ.

ಪ್ರಮೋಷನ್ ಸುದ್ದಿ ಬರೆಯುವುದಿಲ್ಲ. ಬಂದವು, ಕುರ್ಚಿ ಬದಲಾಯಿತು, ಬಸ್ಸು ಅದೇ ಇತ್ತು. ನಾನು ಹುಡುಕಿದ ಜಾತಕಗಳಲ್ಲಿ ಇವತ್ತಿಗೂ ಕನಸಿನಲ್ಲಿ ಬರುವುದು ಒಂದೇ. ಅದು ಕಂಪನಿಯ ಕೆಲಸವೂ ಆಗಿರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಸ್ಕಿಯ ಬಟ್ಟೆ ವ್ಯಾಪಾರಿ ಪಂಪಣ್ಣ ಒಂದು ಮರದ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗೆ ಅವಚಿಕೊಂಡು ಮಹಡಿ ಹತ್ತಿ ಬಂದರು. ಅದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಸ್ವಿಚ್ ಹಾಕಿದರೆ ಷಡ್ಜ ಪಂಚಮಗಳನ್ನು ಎಡೆಬಿಡದೆ ನುಡಿಸುವ ಯಂತ್ರ. ಅವರ ಅಕ್ಕ ಶರಣಮ್ಮ ಪ್ರತಿ ಸೋಮವಾರ ಸಂಜೆ ಅಲ್ಲಿಯ ಒಂದು ಚಿಕ್ಕ ಮಠದಲ್ಲಿ ವಚನ, ತತ್ವಪದ ಹಾಡುವವರು. ಒಂದು ಜ್ವರದ ನಂತರ ಅವರಿಗೆ ಕಿವಿ ಮಂದವಾಗುತ್ತ ಬಂದು, ಈಗ ಕಿವಿಯ ಹತ್ತಿರ ಕೂಗಿದರೆ ಮಾತ್ರ ಕೇಳುತ್ತಿತ್ತು. ಆದರೂ ಹಾಡು ಬಿಟ್ಟಿರಲಿಲ್ಲ.

“ಈ ಪೆಟಗಿ ಮ್ಯಾಲೆ ಅಂಗೈ ಇಟ್ಟು ಹಾಡತಿದ್ಲರೀ. ಕೈಲೆ ಶ್ರುತಿ ಹಿಡಿತಿದ್ಲು, ಒಂದ್ ಕೂದಲೆಳಿ ಆಕಡಿ ಈಕಡಿ ಆಗತಿದ್ದಿಲ್ಲ,” ಅಂದರು ಪಂಪಣ್ಣ. “ಈಗ ಪೆಟಗಿ ಮೂಕಾಗೈತಿ. ಅಕ್ಕನೂ ಹಾಡು ಬಿಟ್ಟಾಳ. ಹಾಡು ಬಿಟ್ಟ ಮ್ಯಾಲೆ ಮಾತೂ ಕಡಿಮಿ ಮಾಡ್ಯಾಳ.”

ಹಾರ್ಮೋನಿಯಂ ಇಟ್ಟು ನೋಡಿದ್ದರಂತೆ. ಹುಬ್ಬಳ್ಳಿಯಿಂದ ಹೊಸ ಶ್ರುತಿಪೆಟ್ಟಿಗೆಯನ್ನೇ ತಂದಿದ್ದರಂತೆ. ಶರಣಮ್ಮ ಅದರ ಮೇಲೆ ಕೈ ಇಟ್ಟು, ಇದು ಉಸಿರಾಡಂಗಿಲ್ಲ ಎಂದು ಹೇಳಿ ಪಕ್ಕಕ್ಕೆ ಸರಿಸಿದರಂತೆ. ವಯಸ್ಸಾದವರ ಮಾತು ಎಂದು ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಪೆಟ್ಟಿಗೆ ಬಿಚ್ಚಿದೆ. ಒಳಗೆ ಸ್ವರ ಹುಟ್ಟಿಸುವ ಐಸಿ ಒಂದೇ, ಅದು ಸತ್ತಿತ್ತು. ಬೆನ್ನ ಮೇಲೆ ನಂಬರ್ ಇಲ್ಲ. ಪೆಟ್ಟಿಗೆ ಮಾಡಿದವನು ಸ್ಯಾಂಡ್ ಪೇಪರಿನಿಂದ ತಿಕ್ಕಿ ತೆಗೆದಿದ್ದ. ಆಗಿನ ಸಣ್ಣ ತಯಾರಕರಿಗೆ ಅದೊಂದು ರೋಗ. ಬೇರೆಯವರು ನೋಡಿ ತಮ್ಮ ಹಾಗೆಯೇ ಮಾಡಿಬಿಡುತ್ತಾರೆ ಎಂಬ ಹೆದರಿಕೆ. ನಮ್ಮಂಥವರ ಶಾಪ ಅವರಿಗೆ ತಟ್ಟದೇ ಇರಲಿಕ್ಕಿಲ್ಲ, ಏಕೆಂದರೆ ಆ ತಯಾರಕನಿಗೆ ನಾನು ಬರೆದ ಪತ್ರ, ಆ ವಿಳಾಸದಲ್ಲಿ ಯಾರೂ ಇಲ್ಲ ಎಂಬ ಷರಾದೊಂದಿಗೆ ವಾಪಸು ಬಂತು.

ನಂಬರ್ ಇಲ್ಲದ ಐಸಿ ನನಗೆ ಹೊಸದೇನೂ ಅಲ್ಲ. ಗೊರೇಬಾಳದ ಒಂದು ಮಿಲ್ಲಿನಲ್ಲಿ ಮಹಾನವಮಿಯ ಆಯುಧ ಪೂಜೆಯ ಮರುದಿನ ತಕ್ಕಡಿ ನಿಂತಿತ್ತು. ಹೋಗಿ ನೋಡಿದರೆ ಒಳಗಿನ ಬೋರ್ಡು ಹೊಸ ತಂಬಿಗೆಯ ಹಾಗೆ ಥಳಥಳ ಅನ್ನುತ್ತಿತ್ತು. ಮಾಲೀಕರ ತಾಯಿ ಅದನ್ನು ಬಿಚ್ಚಿಸಿ ಹುಣಸೆಹಣ್ಣು, ತೆಂಗಿನ ನಾರು ಹಾಕಿ ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟಿದ್ದರು. ಐಸಿಗಳ ಬೆನ್ನೆಲ್ಲ ಬೋಳು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಆ ಮುದುಕಿಗೆ ಮಾತ್ರ ಅಳುಕಿಲ್ಲ. “ಒಳಗ ಅಷ್ಟು ಹೊಲಸು ಇಟಗೊಂಡು ಹೊರಗ ಕುಂಕುಮ ಹಚ್ಚಿದ್ರ ಯಾವ ದೇವರು ಒಪ್ಪತಾನಪ್ಪಾ?” ಅಂದರು.

ಆವತ್ತು ನನ್ನನ್ನು ಉಳಿಸಿದ್ದು ನಮ್ಮ ಮೇಲಧಿಕಾರಿ ಮೂರ್ತಿ ಸಾಹೇಬರ ಹಟ. ಅವರು ಹೈದರಾಬಾದಿನವರು. ಹೆಡ್ ಆಫೀಸಿನ ಡೇಟಾ ಪುಸ್ತಕಗಳೆಲ್ಲ ಅವರ ಕಪಾಟಿನಲ್ಲಿ, ಬೀಗದ ಕೈ ಅವರ ಜನಿವಾರದಲ್ಲಿ. ಪುಸ್ತಕ ಹೊರಗೆ ಹೋಗಕೂಡದು, ಜೆರಾಕ್ಸ್ ಮಾಡಕೂಡದು. ಅವರೆದುರು ಕೂತು ಕೈಯಿಂದಲೇ ಬರೆದುಕೊಳ್ಳಬೇಕು, ಚಿತ್ರ ಸಮೇತ, ಕೋಷ್ಟಕ ಸಮೇತ. ನಡುವೆ ಏನಾದರೂ ಬಿಟ್ಟರೆ ಮೊದಲಿನಿಂದ. ನಾವೆಲ್ಲ ಅವರನ್ನು ಬೆನ್ನ ಹಿಂದೆ ಕಾಪಿ ಮೇಷ್ಟ್ರು ಅನ್ನುತ್ತಿದ್ದೆವು. ಆದರೆ ಗೊರೇಬಾಳದ ಆ ಬೋರ್ಡಿನ ಪ್ರತಿ ಐಸಿ ಯಾವುದೆಂದು ಕಣ್ಣು ಮುಚ್ಚಿ ಹೇಳಲು ನನಗೆ ಸಾಧ್ಯವಾದದ್ದು ಆ ಕಾಪಿಯಿಂದಲೇ.

ಲಿಂಗಸುಗೂರಿನ ಒಂದು ಬ್ಯಾಂಕಿನಲ್ಲಿ ಇನ್ನೊಂದು ಬಗೆಯ ತೊಡಕು. ಅಲ್ಲಿಯ ಯಂತ್ರದ ಐಸಿಗೆ ನಂಬರೇನೋ ಇತ್ತು, ಆದರೆ ಯಾವ ಪುಸ್ತಕದಲ್ಲೂ ಇಲ್ಲದ ನಂಬರ್. ಯಂತ್ರ ಮಾಡಿದವರು ಪೇಟೆಯ ಐಸಿಗೆ ತಮ್ಮ ಮನೆ ಹೆಸರು ಇಟ್ಟಿದ್ದರು, ಮನೆ ಅಳಿಯನಾಗಿ ಬಂದವನಿಗೆ ಇಡುವ ಹಾಗೆ. ಮೂರ್ತಿ ಸಾಹೇಬರಿಗೆ ಟ್ರಂಕ್ ಕಾಲ್ ಹಚ್ಚಿದೆ. ಒಂದನೇ ಕಾಲು ನೆಲಕ್ಕೆ, ಎರಡನೇ ಕಾಲು ಮೂರನೆಯದಕ್ಕೆ ಎಂದು ಒಂದೊಂದೇ ಕಾಲಿನ ಸಂಬಂಧ ಕೂಗಿ ಹೇಳುತ್ತ ಹೋದೆ. ಹಣ ಕಟ್ಟಲು ಬಂದವರೆಲ್ಲ ಸಾಲು ಬಿಟ್ಟು ನನ್ನ ಸುತ್ತ ನಿಂತರು. ಒಬ್ಬರು ಭಕ್ತಿಯಿಂದ ಚಪ್ಪಲಿ ಬಿಟ್ಟಿದ್ದರು. ಅರ್ಧ ಕೇಳುವಷ್ಟರಲ್ಲಿ ಆ ಕಡೆಯಿಂದ ಮೂರ್ತಿ ಸಾಹೇಬರು ಹಳೆ ಗೆಳೆಯನನ್ನು ಕಂಡವರಂತೆ ನಕ್ಕು ಅಸಲಿ ಹೆಸರು ಹೇಳಿದರು.

ಶರಣಮ್ಮನವರ ಐಸಿಗೂ ಅದೇ ಉಪಾಯ ಮಾಡಿದೆ. ನಡೆಯಲಿಲ್ಲ. ಆ ಪೆಟ್ಟಿಗೆಯಲ್ಲಿ ಬಳಸಿದ್ದೇ ನಾಲ್ಕೈದು ಕಾಲು, ಉಳಿದವು ಗಾಳಿಯಲ್ಲಿ. ಇಷ್ಟರಿಂದ ಕುಲಗೋತ್ರ ಹೇಳಲು ಬರುವುದಿಲ್ಲ ಎಂದುಬಿಟ್ಟರು ಮೂರ್ತಿ ಸಾಹೇಬರು. ಆಗಲಿಲ್ಲ ಎಂದು ಹೇಳಿ ಪೆಟ್ಟಿಗೆ ಒಪ್ಪಿಸಿ ಬರೋಣವೆಂದು ಒಂದು ದಿನ ಮಸ್ಕಿಯ ಬಸ್ಸು ಹತ್ತಿದೆ.

ಅವರ ಮನೆ ಶಾಸನದ ಗುಡ್ಡ ಕಾಣುವ ಓಣಿಯಲ್ಲಿತ್ತು. ಪಂಪಣ್ಣ ಅಂಗಡಿಯಲ್ಲಿದ್ದರು. ಶರಣಮ್ಮ ಒಬ್ಬರೇ ಇದ್ದರು. ತೆಳ್ಳಗಿನ ಮೈ, ಹಣೆ ತುಂಬ ವಿಭೂತಿ. ಕೂಗಿ ಮಾತಾಡಿ ಅಭ್ಯಾಸವಿಲ್ಲದ ನಾನು ಕೈಸನ್ನೆಯಲ್ಲಿ ಏನೇನೋ ಹೇಳಿದೆ. ಪೆಟ್ಟಿಗೆ ತೆರೆದು, ಐಸಿ ಕಿತ್ತು ಅವರ ಅಂಗೈಯಲ್ಲಿ ಇಟ್ಟು, ಇದೇ ಇದರ ಜೀವ, ಇದು ಹೋಗಿದೆ ಎಂದು ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ, ಉಂಡು ಹೋಗು ಎಂದು ಬಾಯಿಗೆ ಕೈ ಹಚ್ಚಿ ತೋರಿಸಿದರು.

ರೊಟ್ಟಿ, ಪುಂಡಿಪಲ್ಲೆ ಉಂಡು, ಹಿತ್ತಲಲ್ಲಿ ಕೈ ತೊಳೆದು ಬರುವಷ್ಟರಲ್ಲಿ ಅವರು ಐಸಿಯನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದರು. ಅದರ ಬೆನ್ನ ತುಂಬ ನೀರಲ್ಲಿ ಕಲಸಿದ ವಿಭೂತಿ, ಒಣಗುತ್ತಿತ್ತು. ಜೀವ ಹೋದದ್ದಕ್ಕೆ ಅವರ ಮನೆತನದಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದ್ದರು.

ನನಗೆ ಸಿಟ್ಟು ಬಂತು. ನನ್ನ ಮೂಗಿನ ತುದಿಯ ಸಿಟ್ಟು ಸಿಂಧನೂರಿನಲ್ಲೆಲ್ಲ ಪ್ರಸಿದ್ಧ. ಗೊರೇಬಾಳದ ಹುಣಸೆಹಣ್ಣು ನೆನಪಾಯಿತು. ಈ ಕಡೆಯ ಹೆಣ್ಣುಮಕ್ಕಳ ಭಕ್ತಿಗೂ ನನ್ನ ಐಸಿಗಳಿಗೂ ಯಾವ ಜನ್ಮದ ವೈರವೋ ಎಂದು ಗೊಣಗುತ್ತ ಅದನ್ನು ಎತ್ತಿಕೊಂಡು, ಹೊಸ್ತಿಲ ಬೆಳಕಿಗೆ ಬಂದು, ಹೆಬ್ಬೆರಳಿನಿಂದ ವಿಭೂತಿ ಒರೆಸಿದೆ.

ಒರೆಸಿದ ಜಾಗದಲ್ಲಿ ಬಿಳಿ ಗೆರೆಗಳು ಉಳಿದವು. ಮತ್ತೆ ಮೆಲ್ಲಗೆ ಒರೆಸಿದೆ. ಗೆರೆ ಅಂಕಿಯಾಯಿತು. ಮೇಲಿನ ಅಚ್ಚನ್ನು ಸ್ಯಾಂಡ್ ಪೇಪರ್ ತಿಂದಿತ್ತು, ಅಚ್ಚು ಕಚ್ಚಿದ ತಗ್ಗನ್ನು ತಿಂದಿರಲಿಲ್ಲ. ಆ ತಗ್ಗಿನಲ್ಲಿ ವಿಭೂತಿ ಕೂತಿತ್ತು. ಎರಡು ಅಕ್ಷರ, ಅದರ ಮುಂದೆ ಅಂಕಿಗಳು. ನಾನು ಉಸಿರು ಬಿಟ್ಟರೆ ಹಾರಿಹೋದೀತೆಂದು ಬಾಯಿ ಮುಚ್ಚಿಕೊಂಡು ಓದಿದೆ. ಎದುರಿನ ಗುಡ್ಡದ ಬಂಡೆಯ ಮೇಲೆ ಯಾವ ಕಾಲದ್ದೋ ಅಕ್ಷರಗಳು ಬಿಸಿಲು ಕಾಯುತ್ತ ಮಲಗಿದ್ದವು. ಆ ಹೊತ್ತಿನಲ್ಲಿ ನನಗೆ ಅವೂ ಇವೂ ಒಂದೇ ಊರಿನವು ಅನಿಸಿತು. ಶರಣಮ್ಮ ನನ್ನ ಮುಖ ನೋಡಿ, ಒಂದು ಲೋಟ ಮಜ್ಜಿಗೆ ತಂದು ಇಟ್ಟರು.

ಅಂದಿನಿಂದ ಸೀಮೆಸುಣ್ಣದ ಪುಡಿ ನನ್ನ ಚೀಲದಲ್ಲಿ ಸದಾ ಇರುತ್ತಿತ್ತು. ನೀವೂ ಇಟ್ಟುಕೊಳ್ಳಿ.

ನಂಬರ್ ಸಿಕ್ಕಿತು, ಜಾತಕ ಸಿಗಬೇಕಲ್ಲ. ಆ ಹೊತ್ತಿಗೆ ನಮ್ಮ ಕಂಪನಿಯ ರೀತಿ ಬದಲಾಗಿತ್ತು. ಐಸಿಯ ಗೊಡವೆ ಬೇಡ, ಬೋರ್ಡನ್ನೇ ಬದಲಿಸಿ ಬನ್ನಿ ಎಂಬುದು ಹೊಸ ಸಾಹೇಬರ ಹುಕುಂ. ಅವರು ಒಳ್ಳೆಯವರೇ, ಲೆಕ್ಕದ ಮನುಷ್ಯ. ಹಳೆ ಡೇಟಾ ಪುಸ್ತಕಗಳನ್ನು ರದ್ದಿಗೆ ಹಾಕಲು ಹೇಳಿದ್ದರು. ಮೂರ್ತಿ ಸಾಹೇಬರು ನಿವೃತ್ತಿಯಾಗಿ ಹೋಗುವಾಗ ಅವನ್ನೆಲ್ಲ ಕೇಳಿ ಪಡೆದು ರಿಕ್ಷಾದಲ್ಲಿ ಮನೆಗೆ ಸಾಗಿಸಿದ್ದರಂತೆ. ನಾನು ಹೈದರಾಬಾದಿಗೆ, ಅವರ ಮನೆಗೆ ಹೋದೆ. ಮಂಚದ ಮೇಲೆ ಪುಸ್ತಕಗಳು ಮಲಗಿದ್ದವು, ಅವರು ಚಾಪೆಯ ಮೇಲೆ ಮಲಗುತ್ತಿದ್ದರು.

ನಂಬರ್ ನೋಡಿದ್ದೇ ಅವರ ಕಣ್ಣು ಅರಳಿತು. ಪರದೇಶದ ಎಲೆಕ್ಟ್ರಾನಿಕ್ ಆರ್ಗನ್‌ಗಳಿಗಾಗಿ ಮಾಡಿದ ಐಸಿ, ಮಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿದೆ, ಎಲ್ಲೂ ಸಿಗುವುದಿಲ್ಲ ಎಂದರು. ಮಂಚದ ತಳದಿಂದ ಒಂದು ಪುಸ್ತಕ ಎಳೆದು ಧೂಳು ಜಾಡಿಸಿದರು. ಬೀದಿಯ ತುದಿಯಲ್ಲೇ ಜೆರಾಕ್ಸ್ ಅಂಗಡಿ ಇತ್ತು. ನಾನು ಅದರ ಮಾತೆತ್ತಿದೆ.

“ಜೆರಾಕ್ಸ್ ಮಾಡಿದ್ದು ಚೀಲಕ್ಕೆ ಹೋಗ್ತದೆ ಬಾಬೂ. ಕೈಯಿಂದ ಬರೆದದ್ದು ತಲೆಗೆ ಹೋಗ್ತದೆ. ಕೂತ್ಕೋ,” ಅಂದರು.

ಕೂತು ಬರೆದೆ. ಪುಟದ ಕೊನೆಯ ಅಂಕಿಗಳ ಕೋಷ್ಟಕ ನನಗೆ ಬೇಡವಾಗಿತ್ತು. ಅದನ್ನೂ ಬರೆಸಿದರು.

ಐಸಿ ಸಿಗದಿದ್ದರೂ ಅದರ ಗುಣ ಈಗ ಗೊತ್ತಾಗಿತ್ತು. ಅದು ಮಾಡುವುದು ಇಷ್ಟೆ. ಒಂದು ಕಾಲಿನಿಂದ ವೇಗದ ಮಿಡಿತ ಒಳಗೆ ಹೋಗುತ್ತದೆ. ಅದನ್ನು ಎಣಿಸಿ, ಇಷ್ಟು ಮಿಡಿತಕ್ಕೆ ಒಂದು ಎಂದು ಹೊರಗೆ ಬಿಡುತ್ತದೆ. ಎಷ್ಟಕ್ಕೊಂದು ಬಿಡುತ್ತದೆ ಎನ್ನುವುದರ ಮೇಲೆ ಸ್ವರ. ಕೋಷ್ಟಕದ ಪ್ರಕಾರ ಷಡ್ಜಕ್ಕೆ ನಾನೂರ ಎಪ್ಪತ್ತೆಂಟು, ಪಂಚಮಕ್ಕೆ ಮುನ್ನೂರ ಹತ್ತೊಂಬತ್ತು. ಎಣಿಸುವ ಸಾದಾ ಐಸಿಗಳು ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ಅವನ್ನು ಜೋಡಿಸಿ ನಾನೇ ಒಂದು ಬೋರ್ಡು ಕಟ್ಟಲು ಕೂತೆ. ಕಟ್ಟುವಾಗ ನನ್ನೊಳಗಿನ ಜಾಣ ಎದ್ದ. ಶುದ್ಧ ಪಂಚಮಕ್ಕೆ ಲೆಕ್ಕ ಷಡ್ಜದ ಅಂಕಿಯ ಮೂರರಲ್ಲಿ ಎರಡು ಪಾಲು. ಹಳೆಯ ಐಸಿಯ ಅಂಕಿ ಆ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ, ಅದರ ಪಂಚಮ ಕೂದಲೆಳೆಯಷ್ಟು ತಗ್ಗು. ಇಷ್ಟು ಕಷ್ಟಪಟ್ಟು ಮಾಡುವಾಗ ಆ ಕುಂದನ್ನೇಕೆ ಉಳಿಸಬೇಕೆಂದು ನಾನೂರ ಎಂಬತ್ತು, ಮುನ್ನೂರ ಇಪ್ಪತ್ತು ಎಂದು ಲೆಕ್ಕ ಶುದ್ಧ ಮಾಡಿದೆ.

ಮಸ್ಕಿಗೆ ಒಯ್ದು ಸ್ವಿಚ್ ಹಾಕಿದೆ. ನಾದ ಗಾಜಿನ ಹಾಗೆ ಸ್ವಚ್ಛ. ಪಂಪಣ್ಣ ಕೈಮುಗಿದರು. ಶರಣಮ್ಮ ಮುಚ್ಚಳದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಕಾದರು. ಆಮೇಲೆ ಕೈ ತೆಗೆದು ಸೆರಗು ಸರಿಮಾಡಿಕೊಂಡರು.

“ಚಲೋ ಮಾಡಿಯಪ್ಪಾ,” ಅಂದರು, ನನಗೆ ನೋವಾಗಬಾರದೆಂದು ಮೆಲ್ಲಗೆ. “ಆದ್ರ ಇದರಾಗೂ ಉಸಿರಿಲ್ಲ. ಕೈಗೆ ಹತ್ತವಲ್ದು.”

ಮುದುಕಿಗೆ ಭ್ರಮೆ ಎಂದುಕೊಂಡು ಮರೆಯಬಹುದಾಗಿತ್ತು, ಆದರೆ ಆ ಕೈ ತೆಗೆದ ರೀತಿ ಭ್ರಮೆಯದ್ದಲ್ಲ. ಪೆಟ್ಟಿಗೆ ಕಟ್ಟಿಕೊಂಡು ವಾಪಸು ಸಿಂಧನೂರಿಗೆ ಬಂದೆ.

ಮರುದಿನ ಮಧ್ಯಾಹ್ನ ಕಿಟಕಿಯ ಬಳಿ ಕೂತಿದ್ದೆ. ಹೊಟ್ಟು ತೇಲುತ್ತಿತ್ತು. ಎಡಗಡೆಯ ಮಿಲ್ಲು, ಬಲಗಡೆಯ ಮಿಲ್ಲು. ಗುಂಯ್ ಸದ್ದು ಏರಿತು, ಇಳಿಯಿತು, ಏರಿತು. ಎಷ್ಟು ವರ್ಷ ಅದನ್ನು ಕೇಳುತ್ತ ತೂಕಡಿಸಿದ್ದೆನೋ. ಆ ಏರಿಳಿತ ಎಲ್ಲಿಂದ ಬರುತ್ತದೆ ಎಂದು ಯಾವತ್ತೂ ಕೇಳಿಕೊಂಡಿರಲಿಲ್ಲ. ಎರಡು ಮೋಟಾರುಗಳ ಓಟ ಹೆಚ್ಚುಕಡಿಮೆ ಒಂದೇ, ಪೂರ್ತಿ ಒಂದೇ ಅಲ್ಲ. ಆ ಚೂರು ವ್ಯತ್ಯಾಸದಿಂದಲೇ ಸದ್ದು ತೂಗುತ್ತದೆ. ಎರಡೂ ಕರಾರುವಾಕ್ಕಾಗಿ ಹೊಂದಿದರೆ ತೂಗುವುದು ನಿಲ್ಲುತ್ತದೆ.

ನಿದ್ದೆ ಹಾರಿಹೋಯಿತು. ನಾನು ಕುಂದು ಎಂದು ತೆಗೆದುಹಾಕಿದ್ದೇ ಆ ಪೆಟ್ಟಿಗೆಯ ಉಸಿರಾಗಿತ್ತು. ಹಳೆಯ ಐಸಿಯ ಪಂಚಮ ಕೂದಲೆಳೆಯಷ್ಟು ತಗ್ಗಿದ್ದರಿಂದ ಷಡ್ಜ ಪಂಚಮ ಕೂಡಿದ ನಾದ ಮರದೊಳಗೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಕಿವಿ ಇಲ್ಲದ ಅಂಗೈ ಹಿಡಿಯುತ್ತಿದ್ದದ್ದು ಅದನ್ನು. ಹುಬ್ಬಳ್ಳಿಯ ಹೊಸ ಪೆಟ್ಟಿಗೆಯೂ ನನ್ನ ಹಾಗೆಯೇ ಶುದ್ಧವಾಗಿದ್ದಿರಬೇಕು. ಶರಣಮ್ಮ ಮೊದಲ ದಿನವೇ ಸರಿಯಾಗಿ ಹೇಳಿದ್ದರು, ನಾನು ಕೇಳಿರಲಿಲ್ಲ.

ಮೂರ್ತಿ ಸಾಹೇಬರು ಬಲವಂತವಾಗಿ ಬರೆಸಿದ ಕೋಷ್ಟಕವನ್ನು ಮುಂದೆ ಇಟ್ಟುಕೊಂಡು ಅಂಕಿಗಳನ್ನು ಇದ್ದ ಹಾಗೆ ಹಾಕಿದೆ. ನಾನೂರ ಎಪ್ಪತ್ತೆಂಟು, ಮುನ್ನೂರ ಹತ್ತೊಂಬತ್ತು.

ಈ ಸಲ ಹೋದದ್ದು ಸೋಮವಾರ, ನೇರ ಮಠಕ್ಕೆ. ಹೊತ್ತು ಮುಳುಗುವ ಸಮಯ. ಹತ್ತಿಪ್ಪತ್ತು ಜನ ಕೂತಿದ್ದರು, ಹಾಡಿನ ಆಸೆ ಬಿಟ್ಟು ಪೂಜೆಗಷ್ಟೇ ಬಂದವರು. ಸ್ವಿಚ್ ಹಾಕಿದೆ. ಶರಣಮ್ಮ ಅಂಗೈ ಇಟ್ಟರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ನನ್ನ ಕೈ ಹಿಡಿದು ಎಳೆದು ತಮ್ಮ ಕೈಯ ಪಕ್ಕದಲ್ಲಿ ಇಟ್ಟುಕೊಂಡರು. ಮರದ ಕೆಳಗೆ ಯಾರೋ ನಿದ್ದೆಯಲ್ಲಿ ಉಸಿರಾಡುತ್ತಿದ್ದಂತಿತ್ತು.

“ಉಸಿರು ಬಂದೈತಿ ನೋಡು,” ಅಂದರು.

ಹಾಡಿದರು. ಸಂಗೀತ ತಿಳಿದವನಲ್ಲ ನಾನು, ಯಾವ ಪದ ಎಂದು ನೆನಪಿಲ್ಲ. ಪಂಪಣ್ಣ ಕಂಬಕ್ಕೆ ಒರಗಿ ಮುಖ ಆ ಕಡೆ ತಿರುಗಿಸಿದ್ದು ನೆನಪಿದೆ. ಎರಡನೆಯ ನುಡಿಗೆ ಬಂದಾಗ ಕರೆಂಟ್ ಹೋಯಿತು. ನಮ್ಮ ಕಡೆ ಅದು ಹೊಸದಲ್ಲ. ಪೆಟ್ಟಿಗೆ ಸುಮ್ಮನಾಯಿತು. ಅಂಗೈಗೆ ಗೊತ್ತಾಗಿರಲೇಬೇಕು. ಶರಣಮ್ಮ ನಿಲ್ಲಿಸಲಿಲ್ಲ. ದೀಪದ ಬೆಳಕಿನಲ್ಲಿ ನೋಡಿದೆ. ಸದ್ದಿಲ್ಲದ ಪೆಟ್ಟಿಗೆಯ ಮೇಲೆ ಅವರ ಕೈ ತಾನೇ ಮೆಲ್ಲಗೆ ಏರುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು, ಅದೇ ತೂಗಾಟದಲ್ಲಿ.

ಮೂರನೆಯ ನುಡಿಯ ನಡುವೆ ಕರೆಂಟ್ ಬಂತು. ಪೆಟ್ಟಿಗೆಯ ಷಡ್ಜ ಅವರ ದನಿಯ ಕೆಳಗೆ, ಕೂದಲೆಳೆಯಷ್ಟೂ ಆಚೀಚೆ ಆಗದೆ, ಬಂದು ಸೇರಿಕೊಂಡಿತು. ಕಿವಿ ನೆಟ್ಟಗೆ ಕೇಳುವ ನನಗೂ ಅದು ಎಲ್ಲಿ ಸೇರಿತೆಂದು ಗೊತ್ತಾಗಲಿಲ್ಲ.